ದೆಲಾಲಿ ಇಲ್ಲದ ಐದು ದಿನ

ನಮ್ಮ ಆಫ್ರಿಕಾ ಅಧ್ಯಯನದ ಗ್ರಂಥಾಲಯದಲ್ಲಿ ಪುಸ್ತಕ ಕಳೆದುಹೋಗುವುದಿಲ್ಲ, ಅಡಗಿಕೊಳ್ಳುತ್ತದೆ. ಇರುವುದು ಒಂದೇ ಪ್ರತಿ, ಬೇಕಾದವರು ನಲವತ್ತು ಮಂದಿ, ಮನೆಗೆ ಒಯ್ಯುವಂತಿಲ್ಲ. ಹಾಗಾಗಿ ಸಂಜೆ ಎದ್ದು ಹೋಗುವಾಗ ನಮ್ಮ ವಿದ್ಯಾರ್ಥಿಗಳು ಅಶಾಂತಿ ಎಂಬ ನಾಡಿನ ರಾಜರ ಚರಿತ್ರೆಯನ್ನು ಅರಣ್ಯ ಇಲಾಖೆಯ ವರದಿಗಳ ಹಿಂದೆ ತುರುಕಿ, ಏನೂ ಅರಿಯದವರಂತೆ ಹೊರಡುತ್ತಾರೆ. ನಾಳೆಯೂ ತಮಗೇ ಸಿಗಬೇಕಲ್ಲ! ಕಳ್ಳರು ಅನ್ನಲಾರೆ, ಆದರೆ ಕಪಾಳಕ್ಕೆ ಎರಡು ಬಿಗಿಯಬೇಕು ಅನ್ನಿಸುತ್ತದೆ.

ತುರುಕಿದ್ದನ್ನು ಹೊರಗೆಳೆಯುವವಳು ದೆಲಾಲಿ ಅಕ್ಕ. ಕೇಟಾ ಊರಿನವಳು, ಹತ್ತೊಂಬತ್ತು ವರ್ಷದಿಂದ ಸಹಾಯಕಿ. ನಾನು ಒಕಾಯ್, ಹನ್ನೊಂದು ವರ್ಷದಿಂದ ಅವಳ ಪಕ್ಕದ ಕುರ್ಚಿಯವನು. ಅವಳಿಗೆ ಇದ್ದದ್ದು ಒಂದೇ ಆಸೆ. ಎರಡು ವರ್ಷದ ತರಬೇತಿ ಮುಗಿಸಿ ತಾನೂ ಗ್ರಂಥಪಾಲಕಿ ಆಗಬೇಕು. ಅದಕ್ಕೆ ಮುಖ್ಯಸ್ಥ ಲಾಂಪ್ಟೆ ಸಾಹೇಬರು ರಜೆಗೆ ಸಹಿ ಹಾಕಬೇಕು. ನಾಲ್ಕು ವರ್ಷ ಅರ್ಜಿ ಕೊಟ್ಟಳು. ನಾಲ್ಕು ಸಲವೂ ಅವರು ಯಾವುದಾದರೊಬ್ಬ ವಿದ್ಯಾರ್ಥಿಯ ಪ್ರಬಂಧ ತರಿಸಿ, ಕೃತಜ್ಞತೆಯ ಪುಟ ತೆಗೆದು ಗಟ್ಟಿಯಾಗಿ ಓದಿದರು.

"ನೋಡಿ ದೆಲಾಲಿ, 'ಆಂಟಿ ದೆಲಾಲಿ ಇಲ್ಲದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.' ಇಂಥವ್ರನ್ನ ನಾನು ಹೇಗಮ್ಮಾ ಬಿಟ್ಟುಕೊಡ್ಲಿ?"

ಹೊಗಳಿ ಹೊಗಳಿಯೇ ಕಟ್ಟಿಹಾಕಿದ ಪುಣ್ಯಾತ್ಮ.

ಐದನೆಯ ವರ್ಷ ಅವಳಿಗೆ ನಲವತ್ನಾಲ್ಕು. ನಲವತ್ತೈದು ತುಂಬಿದರೆ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ. ಅವಳು ಸಾಹೇಬರ ಕೋಣೆಗೆ ಹೋದವಳು ಕೂರಲೇ ಇಲ್ಲ, ನಿಂತೇ ಇದ್ದಳು. ಕೊನೆಗೆ ಅವರು ಒಂದು ಷರತ್ತು ಹಾಕಿದರು. ಸೋಮವಾರದಿಂದ ಶುಕ್ರವಾರದವರೆಗೆ ಅವಳು ಈ ಕಡೆ ಕಾಲಿಡಬಾರದು. ಪುಸ್ತಕ ಕೇಳಿ ಚೀಟಿ ಕೊಟ್ಟ ಒಬ್ಬರೂ ಬರಿಗೈಯಲ್ಲಿ ಹಿಂದಿರುಗದಂತೆ ನಾನೊಬ್ಬನೇ ನಡೆಸಿದರೆ ಸಹಿ.

ದೆಲಾಲಿ ನನಗೊಂದು ನೋಟುಪುಸ್ತಕ ಕೊಟ್ಟಳು. ಯಾರು ಯಾವ ಕಪಾಟಿನಲ್ಲಿ ಅಡಗಿಸುತ್ತಾರೆ ಎಂಬುದೆಲ್ಲ ಅದರಲ್ಲಿತ್ತು. ಗುರುವಾರದವರೆಗೆ ನಾನು ರಾಜನಂತೆ ಮೆರೆದೆ.

ಶುಕ್ರವಾರ ಮಧ್ಯಾಹ್ನ ಮಾಮ್ಲೆ ಚೀಟಿ ಹಿಡಿದು ಬಂದಳು. ಅಡಾ ಊರಿನ ಕಡೆಯ ಹುಡುಗಿ, ಸೋಮವಾರ ಅವಳ ಪ್ರಬಂಧದ ಮೌಖಿಕ ಪರೀಕ್ಷೆ. ತನ್ನೂರಿನ ಉಪ್ಪುಕೊಳ ಯಾರದೆಂದು ಹಿರಿಯರು ಕೊಟ್ಟ ಹೇಳಿಕೆಗಳ ಟೈಪು ಮಾಡಿದ ಕಟ್ಟು ಬೇಕಿತ್ತು. ಜಗತ್ತಿನಲ್ಲೇ ಒಂದು ಪ್ರತಿ.

"ಎಲ್ಲಿ ಬಚ್ಚಿಟ್ಟಿದ್ದೆ, ನಿಜ ಹೇಳು."

"ಪಶುವೈದ್ಯದ ಪುಸ್ತಕಗಳ ಹಿಂದೆ ಸರ್. ಈಗ ಅಲ್ಲಿಲ್ಲ. ಯಾರೋ ನನ್ನ ಜಾಗದಿಂದ್ಲೇ ಕದ್ದಿದಾರೆ!"

"ಕಳ್ಳಿಯ ಮನೆಗೇ ಕನ್ನ! ಚೆನ್ನಾಗಾಯ್ತು ಬಿಡು," ಅಂದೆ. ಹುಡುಗಿ ಅಲ್ಲೇ ಅಳತೊಡಗಿತು. ನನ್ನ ಬಾಯಿಗೆ ಬೆಂಕಿ ಹಾಕ.

ಎರಡು ಗಂಟೆ ಹುಡುಕಿದೆ. ನೋಟುಪುಸ್ತಕದಲ್ಲಿ ಅದಿರಲಿಲ್ಲ. ಕೊನೆಗೆ ಹಿತ್ತಲಿಗೆ ಹೋಗಿ ಗುಟ್ಟಾಗಿ ದೆಲಾಲಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅಕ್ಕಾ, ಎಲ್ಲಿರಬಹುದು ಹೇಳು, ನಾನೇ ತೆಗೀತೀನಿ."

"ಫೋನಲ್ಲಿ ಹೇಗೋ ಹೇಳ್ಲಿ? ಅಲ್ಲಿ ನಿಂತ್ರೆ ಕೈಗೆ ಗೊತ್ತಾಗುತ್ತೆ, ಬಾಯಿಗೆ ಗೊತ್ತಿಲ್ಲ."

"ಹಾಗಾದ್ರೆ ಚೀಟಿ ಹರಿದು ಹಾಕ್ತೀನಿ. ಕೇಳೇ ಇಲ್ಲ ಅಂದ್ರಾಯ್ತು. ಬಾಗಿಲು ಹಾಕೋಕೆ ಇನ್ನೆರಡು ಗಂಟೆ, ಅಷ್ಟೇ."

"ಆ ಹುಡುಗಿ ಪರೀಕ್ಷೆ ಸೋಮವಾರಾನಾ?" ಎಂದಳು. ಫೋನ್ ಇಟ್ಟಳು.

ಮುಕ್ಕಾಲು ಗಂಟೆಯಲ್ಲಿ ಜನ ತುಂಬಿದ ಟ್ರೊಟ್ರೊ ವ್ಯಾನಿನಿಂದ ಇಳಿದು ಬಂದಳು. ರಾತ್ರಿಯೂಟದ ಕೆಂಕೆ ಉಂಡೆ ಕಟ್ಟುತ್ತಿದ್ದಳೇನೋ, ಉಗುರಿನಲ್ಲಿ ಮೆಕ್ಕೆಜೋಳದ ಹಿಟ್ಟು ಹಾಗೇ ಇತ್ತು. ಪಶುವೈದ್ಯದ ಕಪಾಟಿನ ಮುಂದೆ ಕೂತು, ಕೆಳಗಿನ ಹಲಗೆಯ ಹಿಂದಕ್ಕೆ ತೋಳಿನವರೆಗೆ ಕೈ ಹಾಕಿ ಕಟ್ಟನ್ನು ಎಳೆದಳು. "ಕದ್ದವನು ಗಾಬರೀಲಿ ದೂರ ಹೋಗಲ್ಲ," ಎಂದಳು. ತಿರುಗಿದರೆ ಬಾಗಿಲಲ್ಲಿ ಲಾಂಪ್ಟೆ ಸಾಹೇಬರು. ಬೈಯಲಿಲ್ಲ. ಪ್ರೀತಿಯಿಂದ ನಕ್ಕರು. "ನಾನು ಹೇಳ್ಲಿಲ್ವಾ?" ಎಂದು ಹೊರಟರು. ಸಹಿಯ ಮಾತು ಅಲ್ಲಿಗೆ ಮುಗಿಯಿತು.

ಮಾಮ್ಲೆ ಕಾಲು ಹಿಡಿಯಲು ಬಗ್ಗಿದಳು. ದೆಲಾಲಿ ಅವಳನ್ನು ಎತ್ತಿ, "ಒಂದು ಉಪಕಾರ ಮಾಡು ತಾಯೀ. ನಿನ್ನ ಪ್ರಬಂಧದಲ್ಲಿ ನನ್ನ ಹೆಸರು ಹಾಕ್ಬೇಡ," ಎಂದಳು.

ಆರು ತಿಂಗಳ ಮೇಲೆ ಪ್ರಬಂಧ ಬೈಂಡಾಗಿ ಬಂತು. ಅಷ್ಟರಲ್ಲಿ ಅಕ್ಕನಿಗೆ ನಲವತ್ತೈದು ತುಂಬಿತ್ತು. ಕೃತಜ್ಞತೆಯ ಪುಟ ತೆರೆದು ನೋಡಿದೆ. ಹಾಳಾದ ಹುಡುಗಿ, ಹೆಸರು ಹಾಕಿಯೇ ಇದ್ದಳು, ಅದೂ ಹೆತ್ತವರಿಗಿಂತ ಮೊದಲು. ಸಾಹೇಬರು ಅದನ್ನು ಗಟ್ಟಿಯಾಗಿ ಓದುವುದನ್ನು ಇನ್ನೊಮ್ಮೆ ಕೇಳಲು ನನ್ನಿಂದಾಗುತ್ತಿರಲಿಲ್ಲ. ಭೂಗರ್ಭಶಾಸ್ತ್ರದ ನಕಾಶೆಗಳ ಹಿಂದೆ, ಯಾರೂ ಕೈ ಹಾಕದ ಮೂಲೆಯಲ್ಲಿ ತುರುಕಿಬಿಟ್ಟೆ. ಹನ್ನೊಂದು ವರ್ಷ ಯಾರನ್ನು ಬೈದಿದ್ದೆನೋ ಅವರ ಕೆಲಸವನ್ನೇ ಮಾಡಿದೆ.

ಮೂರನೆಯ ದಿನ ನೋಡಿದರೆ ಪ್ರಬಂಧ ತನ್ನ ಜಾಗದಲ್ಲಿತ್ತು, ಧೂಳು ಒರೆಸಿತ್ತು. ಅಕ್ಕ ಚೀಟಿಗಳನ್ನು ಜೋಡಿಸುತ್ತಿದ್ದಳು.

"ಯಾಕೆ ತೆಗೆದೆ ಅಕ್ಕಾ? ನಾನೇ ಇಟ್ಟಿದ್ದೆ."

"ಗೊತ್ತು ಕಣೋ," ಎಂದಳು, ತಲೆ ಎತ್ತದೆ. "ಯಾರೋ ಅದನ್ನೇ ಕೇಳಿ ಚೀಟಿ ಕೊಟ್ರು."