ನಿಂಗಮ್ಮನ ರಾಗಿಕಲ್ಲಿನ ಪದ

ಸಿದ್ದರಾಜಣ್ಣ, ನಿನ್ನ ವೆಬ್‌ಸೈಟಿನೊಳಗೆ ಆ ಸಿನಿಮಾ ಹಾಡುಗಳನ್ನು ಬಚ್ಚಿಟ್ಟವನು ನಾನು. ಬೇರೆ ಯಾರೂ ಅಲ್ಲ. ನಿನ್ನನ್ನು ಜೀಪು ಹತ್ತಿಸಿದ ದಿನ, ನಿನ್ನ ಮನೆಯ ಜಗಲಿಯ ಮೇಲೇ ಕೂತು ಮಹಜರಿಗೆ ಸಾಕ್ಷಿ ರುಜು ಹಾಕಿದವನೂ ನಾನೇ. ಎರಡನೆಯದು ನಿನಗೆ ಗೊತ್ತು. ಮೊದಲನೆಯದು — ಬಹುಶಃ ಅದೂ ಗೊತ್ತಿತ್ತು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂಬತ್ತು ವರ್ಷ ಹೀಗೇ ಕಳೆಯಿತು.

ಇದನ್ನು ನಾಳೆ ಬೇರೆಯವರೂ ಓದಬಹುದು. ಅದಕ್ಕೇ ನಿನಗೆ ತಿಳಿದಿರುವುದನ್ನೂ ಬರೆಯುತ್ತೇನೆ. ನನ್ನದು ಕಡೂರು ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ. ರಿಪೇರಿ ಹೆಸರಿಗೆ ಮಾತ್ರ. ಹೊಟ್ಟೆ ತುಂಬಿಸುತ್ತಿದ್ದದ್ದು ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ಹಾಕಿಕೊಡುವ ಕೆಲಸ. ತರೀಕೆರೆ, ಅಜ್ಜಂಪುರದ ಕಡೆಯಿಂದಲೂ ಜನ ಬರುತ್ತಿದ್ದರು. ನೀನು ಪಂಚನಹಳ್ಳಿಯಲ್ಲಿ ಮೈಕ್‌ಸೆಟ್ ಇಟ್ಟುಕೊಂಡಿದ್ದವನು. ನಿನಗೊಂದು ಹುಚ್ಚು — ಊರೂರಿನ ಮುದುಕಿಯರ ಮುಂದೆ ಮೈಕ್ ಇಟ್ಟು ಅವರ ಪದಗಳನ್ನು ರೆಕಾರ್ಡ್ ಮಾಡಿಕೊಳ್ಳುವುದು. ಸೋಬಾನೆ, ಬೀಸುವ ಪದ, ಸಾವಿನ ಮನೆಯಲ್ಲಿ ಅತ್ತು ಹೇಳುವ ಪದ. ನಿನ್ನ ಮನೆಯ ಗೋಡೆಯ ಮೇಲಿದ್ದದ್ದು ಬುದ್ಧನ ಪಟ ಒಂದೇ. ಆದರೂ ನಿಮ್ಮವ್ವ ನಿಂಗಮ್ಮ ರಾಗಿಕಲ್ಲಿನ ಮುಂದೆ ಕೂತು ಭೂಮಿತಾಯಿಯನ್ನು ನೆನೆಯುವ ಪದವೆಂದರೆ ನಿನಗೆ ಪ್ರಾಣ. "ದೇವ್ರುನ್ನ ಬಿಟ್ವಿ ಕಣೋ ಮಂಜ, ಅವ್ವನ ಪದ ಬಿಡಕ್ಕಾಯ್ತದಾ?" ಎನ್ನುತ್ತಿದ್ದೆ. ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಲಿ ಎಂದು ಸೈಟು ಮಾಡಿಸಿದೆ. ಮಾಡಿಕೊಟ್ಟವನು ನಾನು. ಹೆಸರು ನಿನ್ನದು, ಪಾಸ್‌ವರ್ಡ್ ಇಬ್ಬರಿಗೂ ಗೊತ್ತು.

ನಮ್ಮ ಅಂಗಡಿಯಲ್ಲೊಂದು ಶಾಸ್ತ್ರವಿತ್ತು. ಯಾರ ಕಾರ್ಡೇ ಬರಲಿ, ಮೊದಲ ಹಾಡು ದೇವರದು. ಆಮೇಲೆ ಅವರು ಕೇಳಿದ್ದು. ಬಾಗಿಲು ತೆಗೆದವನು ಮೊದಲು ಊದುಬತ್ತಿ ಹಚ್ಚುತ್ತಾನಲ್ಲ, ಹಾಗೆ. ನಾನು ಆ ಜಾಗಕ್ಕೆ ನಿಂಗಮ್ಮನ ಪದ ಹಾಕುತ್ತಿದ್ದೆ. ಅದರ ಕೆಳಗೆ ನನ್ನ ಅಂಗಡಿಯ ಹೆಸರಿನ ಫೋಲ್ಡರು, ಅದರೊಳಗೆ ಸಿನಿಮಾ ಮಾಲು. ಹೆಸರು ಹಾಕದಿದ್ದರೆ ಗಿರಾಕಿ ಮತ್ತೆ ಬರುವುದಿಲ್ಲ ಎಂಬ ಜಂಬ ಬೇರೆ.

ಅಷ್ಟರಲ್ಲಿ ಹಾಡಿನ ಕಂಪನಿಯ ಏಜೆಂಟನೊಬ್ಬ ಪೊಲೀಸರನ್ನು ಕರೆದುಕೊಂಡು ಅಂಗಡಿಗಳ ಮೇಲೆ ಬೀಳತೊಡಗಿದ. ನನ್ನ ಕಂಪ್ಯೂಟರಿನಲ್ಲಿ ಏನೂ ಸಿಗಬಾರದು — ಹಾಗಂತ ವ್ಯಾಪಾರವೂ ಬಿಡಬಾರದು. ಎಲ್ಲವನ್ನೂ ನಿನ್ನ ಸೈಟಿನ ಒಂದು ಮೂಲೆಗೆ ಏರಿಸಿಟ್ಟೆ. ನಿನಗೆ ಒಂದು ಮಾತೂ ಹೇಳಲಿಲ್ಲ. ವಾರಕ್ಕೊಂದು ಸಲ ನಿನ್ನ ಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದೆ. ಉಂಡ ಮನೆಗೇ ಎರಡು ಬಗೆದೆ.

ಸೈಟಿನ ಮೇಲಿದ್ದ ಹೆಸರು ಹಿಡಿದು ಅವರು ನಿನ್ನ ಮನೆಗೆ ಬಂದ ದಿನ, ಕಂಪ್ಯೂಟರು ತಿಳಿದವನು ಒಬ್ಬ ಪಂಚಸಾಕ್ಷಿಯಾಗಿ ಬೇಕು ಎಂದು ಪೇದೆ ನನ್ನನ್ನೇ ಕರೆದೊಯ್ದ. ಠಾಣೆಯವರು ಕರೆದರೆ ಹೋಗುವುದು, ತೋರಿಸಿದ ಕಡೆ ರುಜು ಹಾಕುವುದು — ಅಂಗಡಿ ಇಟ್ಟವರಿಗೆ ಅದು ರೂಢಿ. ಸಿನಿಮಾ ಹಾಡು ಸಿಕ್ಕಿತು, ಸರಿ. ಆದರೆ ಇಲಿ ಕಾಟಕ್ಕೆ ಮನೆಗೇ ಬೆಂಕಿ ಇಟ್ಟ ಹಾಗೆ ಕಂಪ್ಯೂಟರಿನ ಜೊತೆಗೆ ಆಂಪ್ಲಿಫೈಯರು, ಸ್ಪೀಕರು, ಮೈಕು, ಎಲ್ಲವನ್ನೂ ಪಟ್ಟಿ ಮಾಡಿ ತುಂಬಿಕೊಂಡರು. ಮುದುಕಿಯರ ಪದಗಳಿಗೂ ಹಕ್ಕುಪತ್ರ ತೋರಿಸು ಎಂದ ಏಜೆಂಟ. "ನಮ್ಮವ್ವ ರಾಗಿ ಬೀಸ್ತಾ ಹೇಳಿದ್ ಪದಕ್ಕೆ ಪತ್ರ ಎಲ್ಲಿಂದ ತರ್ಲಿ ಸಾ?" ಎಂದೆ ನೀನು. ಸಿನಿಮಾ ಹಾಡು ಹಾಕಿದ್ದು ಯಾರು ಎಂದು ಅವನು ಕೇಳಿದಾಗ ನೀನು ನನ್ನ ಕಡೆ ನೋಡಿದೆ. ದೂರಿ ಅಲ್ಲ — ಇವನಿಗೆ ಗೊತ್ತಿರುತ್ತದೆ, ಬಿಡಿಸಿ ಹೇಳುತ್ತಾನೆ ಎಂದು.

"ಸೈಟು ಅವ್ರುದ್ದೇ ಸಾ. ನಂಗೇನೂ ಗೊತ್ತಿಲ್ಲ."

ಅಷ್ಟೇ ನಾನು ಹೇಳಿದ್ದು. ಜೀಪು ಹತ್ತುವಾಗ ನೀನು, "ಮನೆ ಕಡೆ ವಸಿ ನೋಡ್ಕೊಳೋ" ಎಂದೆ. ನಾನು ಕಡೂರಿಗೆ ಓಡಿಬಂದು ನನ್ನ ಕಂಪ್ಯೂಟರಿನಲ್ಲಿ ಅಳಿದುಳಿದದ್ದನ್ನು, ನಿಂಗಮ್ಮನ ಪದವನ್ನೂ ಸೇರಿಸಿ, ಒಂದು ಹಾಡೂ ಉಳಿಯದಂತೆ ಅಳಿಸಿದೆ.

ಸೈಟನ್ನು ಪೂರ್ತಿ ಮುಚ್ಚಿಸಿದರು. ವರ್ಷಗಳ ಮೇಲೆ ಕೋರ್ಟು ಹೇಳಿ ನಿನ್ನ ಕಂಪ್ಯೂಟರು ವಾಪಸು ಬಂತು; ಒಳಗಿನ ಡಿಸ್ಕು ಸತ್ತಿತ್ತು. ಜಾಮೀನಿನ ಮೇಲೆ ಹೊರಬಂದ ನೀನು, ಮೈಕ್‌ಸೆಟ್ ಹೋದದ್ದರಿಂದ, ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರಲು ನಿಂತೆ. ನಿಂಗಮ್ಮ ತೀರಿಕೊಂಡ ದಿನ ನನ್ನ ಕೈ ಹಿಡಿದು, "ಎಲ್ಲಾರ ಒಂದು ಪದ ಉಳ್ಕಂಡೈತೇನೋ ಮಂಜ? ಒಂದೇ ಒಂದು" ಎಂದೆ. ಇಲ್ಲ ಎಂದೆ. ಅವತ್ತು ಅದು ಸುಳ್ಳಾಗಿರಲಿಲ್ಲ.

ಇನ್ನು ಇದು ನಿನಗೆ ಖಂಡಿತ ಗೊತ್ತಿಲ್ಲ.

ಹೋದ ವರ್ಷ ಅಮೃತಾಪುರದ ಹೆಂಗಸೊಬ್ಬರು ಅತ್ತೆಯ ಹಳೆಯ ಕೀಪ್ಯಾಡ್ ಫೋನು ರಿಪೇರಿಗೆ ತಂದರು. ಸ್ಪೀಕರು ಹಾಕಿ, ಪರೀಕ್ಷೆಗೆ ಕಾರ್ಡಿನ ಮೊದಲ ಹಾಡು ಒತ್ತಿದೆ. ರಾಗಿಕಲ್ಲು ತಿರುಗುವ ಗರಗರ — ಅದರ ಮೇಲೆ ನಿಂಗಮ್ಮನ ದನಿ. ಮರುಕ್ಷಣ ಕಣ್ಣು ಹೋದದ್ದು ಕೆಳಗಿನ ಫೋಲ್ಡರಿಗೆ. ನನ್ನ ಅಂಗಡಿಯ ಹೆಸರು, ಅವರು ನಿನ್ನ ತಲೆಗೆ ಕಟ್ಟಿದ ಅವೇ ಹಾಡುಗಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಏನೂ ಅನ್ನುವ ಮೊದಲೇ ನಾನು ಮುಟ್ಟಿಕೊಂಡೆ.

ಕಾರ್ಡಿಗೆ ವೈರಸ್ ಬಂದಿದೆ, ಎಲ್ಲ ಅಳಿಸಬೇಕು ಎಂದೆ. ಆಕೆ ಅನುಮಾನಿಸಿದರು. "ಆ ಮೊದ್ಲುನೇ ಪದ ಒಂದು ಉಳ್ಸಿ ಅಣ್ಣ, ನಮ್ಮತ್ತೆ ದಿನಾ ಅದ್ನೇ ಕೇಳಾದು" ಎಂದರು. ಆಗಲ್ಲ ಎಂದೆ. ಆಗುತ್ತಿತ್ತು, ಸಿದ್ದರಾಜಣ್ಣ. ಅದೊಂದನ್ನೇ ಬೇರೆ ತೆಗೆದಿಡುವುದು ಒಂದು ನಿಮಿಷದ ಕೆಲಸ. ತಂದು ಕೊಟ್ಟಿದ್ದರೆ ಎಲ್ಲಿ ಸಿಕ್ಕಿತು ಎಂದು ನೀನು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಹೆದರಿ —

ಆಮೇಲೆ ಹುಡುಕದ ಊರಿಲ್ಲ. ಅಜ್ಜಂಪುರದ ಗುಜರಿಯಲ್ಲಿ, ತರೀಕೆರೆಯ ಅಂಗಡಿಗಳ ಡಬ್ಬಗಳಲ್ಲಿ ಸಿಕ್ಕ ಹಳೆಯ ಕಾರ್ಡುಗಳನ್ನೆಲ್ಲ ಹಾಕಿ ನೋಡಿದೆ. ಒಂದರಲ್ಲೂ ಇಲ್ಲ.

ಸೋಮವಾರ ನಿನ್ನ ಕೇಸಿನ ವಿಚಾರಣೆ. ನಿನ್ನ ವಿರುದ್ಧ ಸಾಕ್ಷಿ ಹೇಳಲು ನನಗೆ ಸಮನ್ಸ್ ಬಂದಿದೆ. ಹಾಡು ಹಾಕಿದವನು ನಾನು ಎಂದು ಜಡ್ಜ್ ಮುಂದೆ ಹೇಳುತ್ತೇನೆ. ಅದಕ್ಕೆ ಏನು ಶಿಕ್ಷೆಯೋ ಆಗಲಿ. ಅಮೃತಾಪುರದ ಕಾರ್ಡಿನ ಮಾತನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅದನ್ನು ನಿನಗೇ ಹೇಳಬೇಕು, ಅದಕ್ಕೆ ಈ ಕಾಗದ.

ಆ ಪದದ ಕೊನೆಯಲ್ಲಿ ಕಲ್ಲು ನಿಲ್ಲುತ್ತದೆ, ನೆನಪಿದೆಯಾ? ನಿಮ್ಮವ್ವ ಉಸಿರು ತೆಗೆದುಕೊಂಡು, "ಸಾಕೇನ್ಲಾ ಮಗ?" ಎಂದು ನಿನ್ನನ್ನು ಕೇಳುತ್ತಾಳೆ. ಆ ದನಿ ಕೊನೆಯ ಸಲ ಬಿದ್ದದ್ದು ನನ್ನ ಕಿವಿಗೆ. ಅವಳು ಅಷ್ಟು ಕೇಳುವವರೆಗೂ ಕೂತು ಕೇಳಿಸಿಕೊಂಡು, ಆಮೇಲೆ ಅಳಿಸಿದೆ.