ಒಂದೇ ಸಲ ಹಾಡಬೇಕಾಗಿದ್ದ ಹಾಡು

ಫ್ರಾನ್ಸಿನ ನಟಿಯೂ ಗಾಯಕಿಯೂ ಆದ ಒಬ್ಬಳ ಜೀವನದ ಬಗ್ಗೆ ಬರೆದುಕೊಡಿ ಎಂದು ಮಾಸಪತ್ರಿಕೆಯವರು ಕೇಳಿದಾಗ ಕಷ್ಟವೆನಿಸಲಿಲ್ಲ. ಆಕೆ ಹುಟ್ಟಿದ ಓಣಿ, ಮೊದಲ ಪಾತ್ರ, ಮದುವೆ ಮುರಿದ ವರ್ಷ, ಎಲ್ಲವೂ ಪುಸ್ತಕದಲ್ಲಿದ್ದವು. ಆದರೂ ಲೇಖನ ಅರ್ಧಕ್ಕೆ ನಿಂತಿತು. ಗೋಕಾಕದ ನಮ್ಮ ಮನೆಯ ಹಿತ್ತಿಲ ಖೋಲಿಯಲ್ಲಿ ಒಂದು ಬೇಸಿಗೆ ಇದ್ದ ನಾಟಕದ ಹೆಂಗಸು ನಡುವೆ ಬಂದು ನಿಂತಳು. ಆಕೆಯ ಬಗ್ಗೆ ಯಾವ ಪುಸ್ತಕವೂ ಇಲ್ಲ. ಇರುವುದು ನನ್ನ ನೆನಪು; ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಕೌಜಲಗಿ ಕಡೆಯವಳೆಂದು ಅವ್ವ ಹೇಳುತ್ತಿದ್ದಳು. ಸಣ್ಣವಳಿದ್ದಾಗಲೇ ನಾಟಕ ಕಂಪನಿ ಸೇರಿ, ಗಂಡಸರೇ ಸೀರೆ ಉಟ್ಟು ನಾಯಕಿಯಾಗುತ್ತಿದ್ದ ಕಾಲದಲ್ಲಿ ತಾನೇ ನಾಯಕಿಯಾದವಳು. ಆಕೆಯ ಹಾಡು ಕೇಳಲು ಟಿಕೀಟಿಗೆ ಕಿತ್ತಾಡುತ್ತಿದ್ದ ಊರಿನಲ್ಲಿ ಆಕೆಗೆ ಬಾಡಿಗೆಗೆ ಮನೆ ಸಿಗಲಿಲ್ಲ. ಅವ್ವ ಖೋಲಿ ಕೊಟ್ಟಳು. ತಕರಾರು ತೆಗೆದ ನೆರೆಯವರಿಗೆ, "ಕೊಳ್ಳಾಗ ಲಿಂಗ ಐತಿ, ಮತ್ತೇನ ಬೇಕ ನಿಮಗ?" ಎಂದಳು.

ನಾನು ಪುಣೆಯಲ್ಲಿ ಬಿ.ಎ. ಮುಗಿಸಿ ನೌಕರಿಯಿಲ್ಲದೆ ಮನೆಯಲ್ಲಿದ್ದೆ.

ಆ ಬೇಸಿಗೆಯಲ್ಲೇ ಆಕೆಯ ಗಂಟಲು ಕೆಟ್ಟಿತು. ಘಟಪ್ರಭೆಯ ಡಾಕ್ಟರರೊಬ್ಬರು ನೋಡಿ, ಮಳೆಗಾಲ ಮುಗಿಯುವವರೆಗೆ ಹಾಡಬೇಡ, ಹಾಡಿದರೆ ದನಿಯೇ ಹೋದೀತು ಎಂದಿದ್ದರು. ಕಂಪನಿಯ ಮಾಲೀಕರು ಕಾಡಿಬೇಡಿ ಒಪ್ಪಿಸಿದರು: ಗೋಕಾಕ ಫಾಲ್ಸ್‌ನಲ್ಲಿ ಹತ್ತಿ ಮಿಲ್ಲಿನ ರಜೆಯ ದಿನ, ಮಧ್ಯಾಹ್ನದ ಆಟಕ್ಕೆ, ಒಂದೇ ಹಾಡು, ಒಂದೇ ಸಲ.

ಆಗಿನ ನಾಟಕದಲ್ಲಿ ಒಂದೇ ಸಲ ಎಂಬುದು ಇರಲಿಲ್ಲ. ಹಾಡು ಹಿಡಿಸಿದರೆ ಜನ 'ವನ್ಸ್ ಮೋರ್' ಎಂದು ಕೂಗುತ್ತಿದ್ದರು. ಸತ್ತುಬಿದ್ದ ರಾಜನೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕು. ತಡೆಯಲು ಇದ್ದ ದಾರಿ ಒಂದೇ, ಮುಂದಿನ ಸಾಲಿನ ಮರ್ಯಾದಸ್ಥರೊಬ್ಬರು ಎದ್ದು, ಹಿಂದೆ ತಿರುಗಿ, ಜನರಿಗೆ ಕೈಮುಗಿಯುವುದು.

"ಸಣ್ಣ ಸಾವಕಾರ್ರ, ನೀವು ಎದ್ದ ನಿಂದ್ರತೀರೇನ್ರಿ?" ಎಂದು ಆಕೆ ಹಿತ್ತಿಲಲ್ಲಿ ಕೇಳಿದಳು.

"ನಿಂದ್ರತೇನ್ರಿ ಅಕ್ಕಾರ."

ಬಂದಿದ್ದ ಮಾಲೀಕರು ನಕ್ಕರು. "ಬಿ.ಎ. ಸಾಹೇಬ್ರು ಎದ್ರ ಕೂಗೂ ಮಿಲ್ಲಿನ ಭೋಂಗಾನೂ ಬಾಯಿ ಮುಚ್ಚತೈತಿ ಬಿಡವಾ!"

"ಚಾಷ್ಟಿ ಮಾಡಬ್ಯಾಡ್ರಿ. ನನ್ನ ಕಡೆ ಇರೂದು ಇದೊಂದ," ಎಂದು ಆಕೆ ಗಂಟಲು ಮುಟ್ಟಿಕೊಂಡಳು.

ಅವತ್ತು ಹಾಡು ಹೇಗಿತ್ತೆಂದು ಕೇಳಿದರೆ ಹೇಳಲಾರೆ. ಕಾದ ತಗಡಿನ ಮಾಡು, ಬೆವರು, ಮಿಲ್ಲಿನವರ ಅಂಗಿಗಳಿಗೆ ಅಂಟಿದ ಹತ್ತಿ ನೆನಪಿವೆ. ಹಾಡು ಮುಗಿದದ್ದೇ ಕೂಗು ಎದ್ದಿತು. ಆಕೆ ನನ್ನತ್ತ ನೋಡಿದಳು, ಅಥವಾ ನೋಡಿದಳೆಂದು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಪುಣೆಯಿಂದ ಬಂದಿದ್ದ ಇಬ್ಬರು ಗೆಳೆಯರು ನನ್ನ ಎಡಬಲಕ್ಕೆ ಕೂತು ಕೂಗುತ್ತಿದ್ದರು. ನಾಟಕದವಳಿಗಾಗಿ ಎದ್ದು ಕೈಮುಗಿದರೆ ಕಾಲೇಜಿನಲ್ಲೆಲ್ಲ ಕತೆಯಾಗುತ್ತಿತ್ತು. ನನ್ನ ಬಾಯಿ ತೆರೆದಿತ್ತು, ಅದು ಗೊತ್ತು. ಅದರಿಂದ ದನಿ ಹೊರಟಿತೋ ಇಲ್ಲವೋ ಗೊತ್ತಿಲ್ಲ.

ಆಕೆ ಎರಡನೆಯ ಸಲ ಹಾಡಿದಳು. ಮೂರನೆಯ ಸಲ ಪಲ್ಲವಿಯ ನಡುವೆ ದನಿ ನಿಂತುಹೋಯಿತು. ಹಾರ್ಮೋನಿಯಂನವನು ಸ್ವಲ್ಪ ಹೊತ್ತು ಒಬ್ಬನೇ ನುಡಿಸಿದ. ಅದೂ ಅಭಿನಯವೆಂದು ತಿಳಿದು ಜನ ಚಪ್ಪಾಳೆ ಹೊಡೆದರು.

ಕಂಪನಿ ಮುಂದೆ ಮೂಡಲಗಿಯಲ್ಲಿ ಬಿಡಾರ ಹೂಡಿದಾಗ ಆಕೆಗೆ ಮಾತಿಲ್ಲದ ದಾಸಿಯ ಪಾತ್ರ ಕೊಟ್ಟರೆಂದು ಕೇಳಿದೆ. ನೋಡಲು ಹೋಗಲಿಲ್ಲ. ಎರಡು ವರ್ಷದ ಮೇಲೆ ಕಂಪನಿ ಹುಕ್ಕೇರಿಯಲ್ಲಿದ್ದಾಗ ಹೋದೆ. ಪರದೆಯ ಹಿಂದೆ ಆಕೆ ಹೊಸ ನಾಯಕಿಗೆ, ಅಂದರೆ ಮೀಸೆ ಬೋಳಿಸಿದ ಒಬ್ಬ ಗಂಡಸಿಗೆ, ಸೀರೆಯ ನಿರಿಗೆ ಹಿಡಿಯುತ್ತಿದ್ದಳು. ಮಾತು ಬರೀ ಉಸಿರಾಗಿತ್ತು, ಬಾಗಿ ಕೇಳಬೇಕಾಯಿತು.

"ಅಕ್ಕಾರ, ಖರೆ ಹೇಳ್ರಿ. ಅವತ್ತ ನಾನೂ ಕೂಗಿದ್ನೇನ್ರಿ?"

ಆಕೆ ಹಲ್ಲಿನಲ್ಲಿ ಕಚ್ಚಿದ್ದ ಪಿನ್ನು ತೆಗೆದಳು.

"ಅಷ್ಟ ಮಂದ್ಯಾಗ ಯಾರ ದನಿ ಯಾವುದಂತ ಹೆಂಗ ಹೇಳ್ಲಿರಿ? ನಾ ಕೂಗ ಕೇಳಲಿಲ್ಲ. ನಿಮ್ಮ ಕುರ್ಚಿ ನೋಡಿದ್ನಿ. ಕುಂತಿದ್ರಿ."

"ಲಗೂ ಮಾಡಬೇ ಯಕ್ಕಾ, ಗಂಟಿ ಹೊಡದ್ರು," ಎಂದ ಸೀರೆಯವನು. ಆಕೆ ಪಿನ್ನು ಚುಚ್ಚಿ, ಮಂಡಿಯೂರಿ ಕೆಳಗಿನ ಅಂಚು ಎಳೆಯತೊಡಗಿದಳು. ನಾನು ಇನ್ನೂ ಅಲ್ಲೇ ಇದ್ದೆ. ಆಕೆ ತಲೆ ಎತ್ತಲಿಲ್ಲ.