ಬಂಗಾರವೋ ಬೆಂಡೋ

ಅವರ ಕಸುಬು ಸೋಫಾ ರಿಪೇರಿ. ಆದರೆ ಊರಿನವರ ಬಾಯಲ್ಲಿ ಅವರು ‘ಜಡ್ಜ್ ಸಾಹೇಬರು’. ಅಂಗಡಿ ಇದ್ದದ್ದು ಫುಟ್‌ಬಾಲ್ ಮೈದಾನದ ಗೇಟಿನ ಎದುರಿಗೆ. ಊರಿನ ಕ್ಲಬ್ಬು ಹೊರಗಿನಿಂದ ಕರೆತಂದ ಆಟಗಾರರಲ್ಲಿ ಯಾರು ಸಾರ್ಥಕ, ಯಾರು ದಂಡ ಎಂಬುದನ್ನು ಅವರು ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ತೀರ್ಮಾನಿಸುತ್ತಿದ್ದರು.

“ಆ ಗುಂಗುರು ಕೂದಲಿನವನಾ? ಬಂಗಾರ.”

“ಆ ಎಡಗಾಲಿನವನಾ? ಬರೀ ಬೆಂಡು.”

ಮೇಲ್ಮನವಿಗೆ ಅವಕಾಶವಿರಲಿಲ್ಲ. ಆಟಗಾರ ಆಡಿ, ಆಟ ಬಿಟ್ಟು, ಹೊಟ್ಟೆ ಬಂದ ಮೇಲೆ ಕೊಡುವ ತೀರ್ಪಾದ್ದರಿಂದ ಅದು ತಪ್ಪುತ್ತಲೂ ಇರಲಿಲ್ಲ.

ಒಮ್ಮೆ ಹೆಂಡತಿ, “ಹಾಗಾದ್ರೆ ನಾನು?” ಎಂದು ಕೇಳಿದ್ದರು.

“ನೀನಿನ್ನೂ ಆಡ್ತಾ ಇದ್ದೀಯಲ್ಲ, ಈಗಲೇ ಹೇಗೆ ಹೇಳೋದು?” ಎಂದದ್ದಕ್ಕೆ ಅಂದು ತಟ್ಟೆಗೆ ಬಿದ್ದ ಊಟ ತಣ್ಣಗಿತ್ತು.

ಟೀಕೆ ಕೇಳಿ ಕೇಳಿ ಸಾಕಾಗಿ ಕ್ಲಬ್ಬಿನ ಅಧ್ಯಕ್ಷರು ಒಂದು ದಿನ ಅಂಗಡಿಗೇ ಬಂದರು. “ಹೊಸ ಫಾರ್ವರ್ಡ್ ಬೇಕು. ಒಬ್ಬ ಉದ್ದ, ಒಬ್ಬ ಗಿಡ್ಡ. ಈ ಸಲ ನೀವೇ ಆರಿಸಿ.”

ಮೈದಾನದಲ್ಲಿ ಇಬ್ಬರೂ ಓಡಿದರು, ಒದ್ದರು. ಜಡ್ಜ್ ಸಾಹೇಬರ ಕಣ್ಣಿಗೆ ಇಬ್ಬರೂ ಒಂದೇ ತರ ಕಂಡರು.

“ಎರಡು ವರ್ಷ ಬಿಟ್ಟು ಕೇಳಿ, ಕರಾರುವಾಕ್ಕಾಗಿ ಹೇಳ್ತೀನಿ.”

“ಎರಡು ವರ್ಷ ಬಿಟ್ಟು ನಮ್ಮತ್ತೆ ಕೂಡ ಹೇಳ್ತಾರೆ ಕಣ್ರೀ. ಈಗ ಹೇಳಿ!”

ಹಣೆಯ ಬೆವರು ಒರೆಸಿಕೊಂಡು, ಕಣ್ಣಿಗೆ ಮೊದಲು ಬಿದ್ದ ಉದ್ದನೆಯವನ ಕಡೆ ಬೆರಳು ತೋರಿಸಿದರು.

ಉದ್ದನೆಯವನು ತಿಂಗಳುಗಟ್ಟಲೆ ಆಡಿದರೂ ಒಂದು ಗೋಲೂ ಹೊಡೆಯಲಿಲ್ಲ. ಗಿಡ್ಡನೆಯವನನ್ನು ಪಕ್ಕದೂರಿನ ಕ್ಲಬ್ಬು ಎತ್ತಿಕೊಂಡಿತು. ಅವನು ಇದೇ ಮೈದಾನಕ್ಕೆ ಬಂದು ಗೋಲಿನ ಮೇಲೆ ಗೋಲು ಹೊಡೆದು ಹೋದ.

ಮಾರನೆಯ ದಿನ ಬಾಮೈದ ಹಲ್ಲು ಕಿರಿಯುತ್ತಾ ಅಂಗಡಿಗೆ ಬಂದ. “ಏನು ಭಾವ, ನಿಮ್ಮ ಉದ್ದನೆಯವನ ತೀರ್ಪು?”

“ಅವನಿಗೆ ಪಾಸ್ ಕೊಡೋರು ಯಾರಯ್ಯಾ ಇದ್ದಾರೆ? ಹೊಸ ಊರು, ಹೊಸ ಜನ. ಒಂದಿಷ್ಟು ಟೈಮ್ ಕೊಡ್ಬೇಕು. ಅವನೂ ಮನುಷ್ಯ ಅಲ್ವಾ?”

ಹರಿದ ಸೀಟು ಹೊಲಿಸಲು ಬಂದಿದ್ದ ಸ್ಕೂಲ್ ವ್ಯಾನಿನ ಡ್ರೈವರ್ ಮೂಲೆಯ ಸ್ಟೂಲಿನಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಸಾಹೇಬರು ‘ಬೆಂಡು’ ಎಂದಿದ್ದ ಆ ಎಡಗಾಲಿನ ಆಟಗಾರ ಇವನೇ. ಆಟ ಬಿಟ್ಟ ಮೇಲೂ ಇದೇ ಊರಲ್ಲಿ ನೆಲೆ ನಿಂತಿದ್ದ.

“ನನಗೂ ಆಗ ಊರು ಹೊಸದು, ಸಾಹೇಬ್ರೇ,” ಎಂದ ಮೆಲ್ಲಗೆ.

ರೆಕ್ಸಿನ್ನಿಗೆ ಚುಚ್ಚಿದ ಸೂಜಿ ಅರ್ಧಕ್ಕೇ ನಿಂತಿತು. ಇವನ ವ್ಯಾನು ದಿನಾ ಹಾದು ಹೋಗುವ ಬೀದಿಯಲ್ಲಿ ಕೂತು ತಾವು ಎಷ್ಟು ದೊಡ್ಡ ಗಂಟಲಿನಲ್ಲಿ ತೀರ್ಪು ಕೊಟ್ಟಿದ್ದೆವು ಎಂಬುದು ಈಗ ಹೊಳೆದು ಜಡ್ಜ್ ಸಾಹೇಬರ ಕಿವಿ ಬಿಸಿಯಾಯಿತು. ತಪ್ಪಾಯ್ತು ಎನ್ನಲು ಬಾಯಿ ತೆರೆದರು. ಹೊರಬಿದ್ದದ್ದು ಬೇರೆಯೇ ಮಾತು.

“ನಿಮ್ಮ ಕೇಸು... ಇನ್ನೊಂದ್ಸಲ ನೋಡ್ಬೇಕು.”

“ನಿಧಾನಕ್ಕೆ ನೋಡಿ,” ಎಂದ ಡ್ರೈವರ್. “ಸೀಟು ಮಾತ್ರ ಸ್ಕೂಲ್ ಬಿಡೋ ಹೊತ್ತಿಗೆ ಬೇಕು.”

ಅಲ್ಲಿಂದ ಮುಂದೆ ಇಬ್ಬರೂ ಒಟ್ಟಿಗೇ ಮ್ಯಾಚಿಗೆ ಹೋಗತೊಡಗಿದರು. ಉದ್ದನೆಯವನು ಚೆಂಡು ಬಿಟ್ಟಾಗಲೆಲ್ಲ ಜನ ಬೈಯುತ್ತಿದ್ದರು. ಎಲ್ಲರಿಗಿಂತ ಜೋರಾಗಿ, ಎದ್ದು ನಿಂತು ಬೈಯುತ್ತಿದ್ದವನು ಡ್ರೈವರ್. ಜಡ್ಜ್ ಸಾಹೇಬರು ಪ್ರತಿ ಸಲವೂ ಅವನ ಅಂಗಿ ಹಿಡಿದೆಳೆದು ಕೂರಿಸುತ್ತಿದ್ದರು.